ಬ್ರೆಡ್ಡಿನ ಪುಡಿ, ಜೇನಿನ ಬೂಷ್ಟು

ಪ್ರಶ್ನೆ: ಬ್ರೆಡ್ ಕೆಡದಂತೆ ಹಾಕುವ ಸಂರಕ್ಷಕಗಳಿಂದ ಜೇನುನೊಣಗಳ ಶಿಲೀಂಧ್ರ ರೋಗ ಹತೋಟಿಗೆ ಬರುತ್ತದೆಯೇ?

ಉತ್ತರ: ಪ್ರಯತ್ನವಂತೂ ನಡೆದಿದೆ. ಜೇನುನೊಣದ ಮರಿಗಳಿಗೆ ಚಾಕ್‌ಬ್ರೂಡ್ ಎಂಬ ಈ ರೋಗ ತರುವ ಶಿಲೀಂಧ್ರ ಆಸ್ಕೋಸ್ಫೇರಾ ಏಪಿಸ್. ಆಹಾರದ ಜತೆ ಇದರ ಬೀಜಕಗಳು ಮರಿಹುಳುವಿನ ಹೊಟ್ಟೆ ಸೇರುತ್ತವೆ. 35 ಡಿಗ್ರಿಯ ಆಸುಪಾಸಿನಲ್ಲಿ ಬೆಚ್ಚಗಿರಬೇಕಾದ ಎರಿ ತುಸು ತಣ್ಣಗಾದರೆ ಸಾಕು, ಬೂಷ್ಟು ಹಬ್ಬಿ ಮರಿ ಸೀಮೆಸುಣ್ಣದ ತುಂಡಿನಂತೆ ಸೆಟೆದುಕೊಳ್ಳುತ್ತದೆ. ರೋಗ ಬಲಿತ ಎರಿಯನ್ನು ಅಲುಗಾಡಿಸಿದರೆ ಗಲಗಲ ಸದ್ದು!

1970ರ ದಶಕದಲ್ಲಿ ಅಮೆರಿಕದ ಸಂಶೋಧಕರು ಬ್ರೆಡ್ಡಿಗೆ ಹಾಕುವಂಥ ಸಾರ್ಬಿಕ್ ಆಮ್ಲ ಮತ್ತು ಸೋಡಿಯಂ ಪ್ರೊಪಿಯೊನೇಟನ್ನು ನೊಣಗಳ ಪರಾಗದ ಮೇವಿಗೆ ಬೆರೆಸಿ ನೋಡಿದರು. ಹುಳಿ ಇರುವೆಡೆ ಇಂಥ ಸಂರಕ್ಷಕಗಳು ಬೂಷ್ಟಿನ ಜೀವಕೋಶದೊಳಕ್ಕೆ ನುಸುಳಿ ಬೆಳವಣಿಗೆಯನ್ನು ಕಟ್ಟಿಹಾಕುತ್ತವೆ.

ತೊಡಕು ಇರುವುದು ಪ್ರಮಾಣದಲ್ಲಿ. ಬ್ರೆಡ್ಡಿಗೆ ಹೊಟ್ಟೆಯಿಲ್ಲ, ನೊಣಕ್ಕಿದೆ. ಸಾರ್ಬಿಕ್ ಆಮ್ಲ ಹೆಚ್ಚಾದರೆ ನೊಣಕ್ಕೇ ವಿಷ. ಮೇಲಾಗಿ ಬೀಜಕಗಳು 15 ವರ್ಷವಾದರೂ ಸಾಯದೆ ಕಾದಿರಬಲ್ಲವು. ಹಾಗಾಗಿ ಪೆಟ್ಟಿಗೆಗೆ ಗಾಳಿಯಾಡಿಸುವುದು, ತೇವ ತಡೆಯುವುದು, ಹಳೆಯ ಎರಿ ತೆಗೆಯುವುದು, ಸತ್ತ ಮರಿಗಳನ್ನು ಚುರುಕಾಗಿ ಹೊರಹಾಕುವ ತಳಿಯ ರಾಣಿಯನ್ನು ತರುವುದೇ ಇಂದಿಗೂ ನೆಚ್ಚಬಹುದಾದ ದಾರಿ.

ಅಂದಹಾಗೆ, 1990ರ ದಶಕದ ಆರಂಭದಲ್ಲಿ ಕರ್ನಾಟಕದ ತುಡುವೆ ಜೇನನ್ನು ಬರಿದು ಮಾಡಿದ್ದು ಈ ರೋಗವಲ್ಲ, ಥಾಯ್ ಸ್ಯಾಕ್‌ಬ್ರೂಡ್ ಎಂಬ ಬೇರೆಯದೇ ರೋಗ. ಅದನ್ನು ತರುವುದು ವೈರಸ್, ಬೂಷ್ಟಿನ ಮದ್ದು ಅದಕ್ಕೆ ತಾಗುವುದಿಲ್ಲ.