ಶೀಟಿನ ಮೇಲಿನ ‘ಜಿ’ ಏನು ಹೇಳುತ್ತದೆ?

ಛಾವಣಿಗೆ ಶೀಟು ಕೊಳ್ಳಲು ಹೋದವರು ಅದರ ಮೇಲೆ ಅಚ್ಚಾದ ಅಕ್ಷರಗಳನ್ನು ಒಮ್ಮೆ ಓದಬೇಕು. ಒಂದರಲ್ಲಿ ‘ಝಡ್ 275’, ಪಕ್ಕದ್ದರಲ್ಲಿ ‘ಜಿ 550, ಎಝಡ್ 150’ ಎಂದಿರುತ್ತದೆ. 550 ದೊಡ್ಡ ಸಂಖ್ಯೆ, ಅದರಲ್ಲೇ ಸತು ಜಾಸ್ತಿ ಇರಬೇಕು, ತುಕ್ಕೂ ಹಿಡಿಯಲಿಕ್ಕಿಲ್ಲ ಎಂದುಕೊಂಡು ದುಡ್ಡು ಎಣಿಸಿ ಕೊಡುವವರು ಬಹಳ. ಈ ಲೆಕ್ಕ ತಪ್ಪು.

ಜಿ 550 ಎಂಬುದು ಆಸ್ಟ್ರೇಲಿಯಾದ ಎಎಸ್ 1397 ಮಾನಕದ ಹೆಸರು. ಅದು ಒಳಗಿನ ಉಕ್ಕಿನ ಬಲವನ್ನು ಹೇಳುತ್ತದೆ: ಇಳುವರಿ ಬಲ ಕನಿಷ್ಠ 550 ಮೆಗಾಪಾಸ್ಕಲ್. ಮೇಲಿನ ಲೇಪ ಎಷ್ಟೆಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಅಮೆರಿಕದ ಎಎಸ್‌ಟಿಎಂ ಎ653 ಮಾನಕದಲ್ಲಿ ಅದೇ ‘ಜಿ’ ಲೇಪದ ತೂಕವನ್ನೇ ಸೂಚಿಸುತ್ತದೆ. ಅಲ್ಲಿನ ಜಿ 90 ಎಂದರೆ ಚದರ ಅಡಿಗೆ 0.90 ಔನ್ಸ್ ಸತು. ಗ್ರಾಂ ಲೆಕ್ಕದಲ್ಲಿ ಚದರ ಮೀಟರಿಗೆ 275. ಯುರೋಪಿನ ಇಎನ್ 10346ರಲ್ಲಿ ಝಡ್ 275, ಜಪಾನಿನ ಜೆಐಎಸ್ ಜಿ 3302ರಲ್ಲಿ ಝಡ್ 27, ನಮ್ಮ ಐಎಸ್ 277ರಲ್ಲಿ 275 ಎಂದು ಬರೆಯುವುದೂ ಇದೇ ಲೇಪವನ್ನೇ. 90, 27, 275 ಎಂದು ಸಂಖ್ಯೆ ಬೇರೆಯಾದರೂ ಸತು ಅಷ್ಟೇ.

ಆ 275 ಗ್ರಾಂ ಒಂದು ಮುಖದ್ದಲ್ಲ, ಎರಡೂ ಮುಖ ಸೇರಿ. ಒಂದೊಂದು ಬದಿಗೆ ಸಿಗುವುದು ಸುಮಾರು 19 ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ತೆಳು. ಕಂಬ, ತೊಲೆಗಳನ್ನು ಸಿದ್ಧಪಡಿಸಿದ ಮೇಲೆ ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವ ಕೆಲಸಕ್ಕೆ ಐಎಸ್‌ಒ 1461 ಅನ್ವಯಿಸುತ್ತದೆ. ಅಲ್ಲಿ 6 ಮಿಲಿಮೀಟರಿಗಿಂತ ದಪ್ಪ ಉಕ್ಕಿಗೆ ಸರಾಸರಿ 85 ಮೈಕ್ರಾನ್, ಅಂದರೆ ಚದರ ಮೀಟರಿಗೆ 610 ಗ್ರಾಂ ಬೇಕು. ಆ 610 ಒಂದೇ ಮುಖದ ಲೆಕ್ಕ. 275ರ ಎರಡು ಪಟ್ಟು ತಾನೇ ಎಂದುಕೊಳ್ಳುವವರು ನಾಲ್ಕು ಪಟ್ಟಿಗೂ ಮೀರಿದ ವ್ಯತ್ಯಾಸವನ್ನು ಕಾಣದೆ ಬಿಡುತ್ತಾರೆ.

ಹಾಗಾದರೆ ಎಝಡ್ 150 ಕಡಿಮೆ ಲೇಪವೇ? ಅಲ್ಲ. ಅದರ ಲೇಪದ ತೂಕದಲ್ಲಿ ಶೇ 55 ಅಲ್ಯೂಮಿನಿಯಂ, ಉಳಿದದ್ದರಲ್ಲಿ ಹೆಚ್ಚಿನ ಪಾಲು ಸತು, ಕೊಂಚ ಸಿಲಿಕಾನ್. ಅಲ್ಯೂಮಿನಿಯಂ ಹಗುರ ಲೋಹವಾದ್ದರಿಂದ 150 ಗ್ರಾಂ ಬಳಿದರೂ ಒಂದು ಬದಿಗೆ ಸುಮಾರು 20 ಮೈಕ್ರಾನ್ ದಪ್ಪ ಬರುತ್ತದೆ. ಝಡ್ ಮತ್ತು ಎಝಡ್ ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ತೂಗುವಂತಿಲ್ಲ.

ಆಮದುದಾರರು ನಂಬುವ ‘ಸಮಾನ ದರ್ಜೆ’ ಪಟ್ಟಿಗಳೂ ಹೀಗೆಯೇ ದಾರಿ ತಪ್ಪಿಸುತ್ತವೆ. ಯುರೋಪಿನ ಡಿಎಕ್ಸ್ 51ಡಿ ಮತ್ತು ಅಮೆರಿಕದ ‘ಕಮರ್ಷಿಯಲ್ ಸ್ಟೀಲ್’ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿರುತ್ತವೆ. ಡಿಎಕ್ಸ್ 51ಡಿಗೆ 270ರಿಂದ 500 ಮೆಗಾಪಾಸ್ಕಲ್ ಕರ್ಷಣ ಬಲ, ಕನಿಷ್ಠ ಶೇ 22 ಹಿಗ್ಗುವಿಕೆ ಕಡ್ಡಾಯ. ಅಮೆರಿಕದ ದರ್ಜೆಗೆ ಕೊಟ್ಟ ಬಲದ ಅಂಕಿಗಳು ಮಾಹಿತಿಗಾಗಿ ಮಾತ್ರ. ಹತ್ತಿರದ ದರ್ಜೆ ಎನ್ನಬಹುದು, ಸಮ ಎನ್ನಲಾಗದು.

‘ಸಿ ಕ್ಲಾಸ್ ಪೈಪಿನಲ್ಲಿ ಸತು ಹೆಚ್ಚು’ ಎಂಬ ಮಾತೂ ಕೇಳಿಬರುತ್ತದೆ. ಐಎಸ್ 1239ರ ಎ, ಬಿ, ಸಿ ವರ್ಗಗಳು ಪೈಪಿನ ಗೋಡೆಯ ದಪ್ಪದ ವಿಂಗಡಣೆ. ಹಳದಿ, ನೀಲಿ, ಕೆಂಪು ಪಟ್ಟಿಗಳೂ ಅದನ್ನೇ ಗುರುತಿಸುತ್ತವೆ. ಗೇಜಿನದೂ ಇಂಥದೇ ಕಥೆ. ಬ್ರಿಟಿಷ್ ಎಸ್‌ಡಬ್ಲ್ಯೂಜಿಯಲ್ಲಿ 24 ಗೇಜು 0.56 ಮಿಲಿಮೀಟರ್, ಅಮೆರಿಕದ ಗ್ಯಾಲ್ವನೈಸ್ಡ್ ಶೀಟಿನ ಪಟ್ಟಿಯಲ್ಲಿ 0.70. ಮಿಲಿಮೀಟರಿನಲ್ಲೇ ಕೇಳುವುದು ಕ್ಷೇಮ.

ಕರಾವಳಿಯಲ್ಲಿ ಮನೆ ಕಟ್ಟುವವರಿಗೆ ಲೇಪದ ಲೆಕ್ಕ ತಪ್ಪಿದ ಬಿಸಿ ಬೇಗ ತಟ್ಟುತ್ತದೆ. ಐಎಸ್‌ಒ 9223 ಪ್ರಕಾರ ಉಪ್ಪಿನಂಶ ತುಂಬಿದ ಸಿ5 ವಾತಾವರಣದಲ್ಲಿ ಸತು ಮೊದಲ ವರ್ಷ 4.2ರಿಂದ 8.4 ಮೈಕ್ರಾನ್ ಸವೆಯುತ್ತದೆ. ಝಡ್ 275ರಲ್ಲೇ ಒಂದು ಬದಿಗೆ ಇರುವುದು 19 ಮೈಕ್ರಾನ್ ಎಂಬುದನ್ನು ನೆನಪಿಟ್ಟರೆ ಕಡಲಂಚಿನ ಛಾವಣಿಗೆ ಝಡ್ 120 ಹಾಕುವುದು ಎಂಥ ತಪ್ಪೆಂದು ತಿಳಿಯುತ್ತದೆ.

ಹೊಳಪು ನೋಡಿ, ಮೇಲಿನ ಹರಳು ಹರಳಾದ ಚಿತ್ತಾರ ನೋಡಿ ಸತುವಿನ ಪ್ರಮಾಣ ಹೇಳಲಾಗದು. ಪ್ರಯೋಗಾಲಯದಲ್ಲಿ ಶೀಟಿನ ಮೂರು ಕಡೆಯಿಂದ ತುಂಡು ಕತ್ತರಿಸಿ, ತೂಗಿ, ಉಕ್ಕನ್ನು ತಿನ್ನದಂತೆ ಔಷಧ ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಇಳಿಸುತ್ತಾರೆ. ಭೋರ್ಗರೆದು ಏಳುವ ಗುಳ್ಳೆಗಳು ನಿಂತಾಗ ಸತುವೆಲ್ಲ ಕರಗಿರುತ್ತದೆ. ತೊಳೆದು, ಒಣಗಿಸಿ ಮತ್ತೆ ತೂಗುತ್ತಾರೆ. ಝಡ್ 275 ಎಂದು ಬರೆದ ಶೀಟಿನಲ್ಲಿ ಮೂರರ ಸರಾಸರಿ 275 ಇರಲೇಬೇಕು. ಯಾವ ಒಂದು ತುಂಡೂ 235ಕ್ಕಿಂತ ಕೆಳಗಿಳಿಯಬಾರದು.