ಲಾಡಿ, ಲಿಂಗ ಮತ್ತು ದೇಶನೂರಿನ ಯೇಸು

ಕಬ್ಬಿಗೆ ನೀರು ಬಿಟ್ಟು ಬಂದವರು ಕಾಲು ತೊಳೆದುಕೊಂಡು ಗುಡಿಯ ಕಟ್ಟೆ ಏರುತ್ತಾರೆ. ಒಬ್ಬ ದಮಡಿಯನ್ನು ಉರಿಯ ಹತ್ತಿರ ಹಿಡಿದು ಕಾಯಿಸುತ್ತಾನೆ. ಚರ್ಮ ಬಿಗಿದು ಠಣ್ಣೆಂದ ಮೇಲೆಯೇ ತಾಳದ ಜೊತೆ ಕೂಡಿಸುವುದು. ಪೇಟಿ ಸ್ವರ ಹಿಡಿಯುತ್ತದೆ. ಬೆಳಗಾವಿ ಜಿಲ್ಲೆಯ ನಾಗನೂರ, ಕಲ್ಲೋಳಿ, ಮೂಡಲಗಿ ಸೀಮೆಯಲ್ಲಿ ಭಜನೆ ರಂಗೇರುವುದು ಹೀಗೆ. ಮೊದಲು ಗಣಪತಿ, ಆಮೇಲೆ ಶರಣರ ವಚನ, ಹೊತ್ತೇರಿದಂತೆ ಶಿಶುನಾಳ ಷರೀಫರು. 1819ರಲ್ಲಿ ಮುಸ್ಲಿಂ ಮನೆಯಲ್ಲಿ ಹುಟ್ಟಿ, ಗೋವಿಂದಭಟ್ಟರನ್ನು ಗುರುವೆಂದು ನಂಬಿದವರು ಅವರು. ತತ್ವಪದಕ್ಕೆ ತಲೆದೂಗುವಾಗ ಅವರ ಜಾತಿ ಯಾರಿಗೂ ನೆನಪಾಗುವುದಿಲ್ಲ.

ಮೊಹರಂ ಬಂದರೆ ಇದೇ ಲಿಂಗಾಯತ ರೈತರು ಅಲಾಯಿ ದೇವರ ಮುಂದೆ ಸಕ್ಕರಿ ಓದಿಸುತ್ತಾರೆ. ಕೂಸು ಬದುಕಿ ಉಳಿಯಲೆಂದು ಹರಕೆ ಹೊತ್ತ ತಾಯಿ ಅದರ ಕೊರಳಿಗೆ ಕೆಂಪು ಲಾಡಿ ಹಾಕಿಸಿ ಫಕೀರನನ್ನಾಗಿ ಮಾಡುತ್ತಾಳೆ. ಲಾಡಿಯ ಪಕ್ಕದಲ್ಲೇ ಕರಡಿಗೆಯೊಳಗಿನ ಲಿಂಗ. ಎರಡೂ ಒಂದೇ ಎದೆಯ ಮೇಲೆ ಆಡುತ್ತಿರುತ್ತವೆ. ಸವದತ್ತಿ ಸೀಮೆಯ ಹಿರೇಬಿದನೂರಿನಲ್ಲಂತೂ ಮುಸ್ಲಿಮರೇ ಇಲ್ಲದಿದ್ದರೂ ಊರು ಮೊಹರಂ ಆಚರಿಸುತ್ತದೆ.

ಹೀಗೆ ಎಲ್ಲ ದೇವರಿಗೂ ನಡೆದುಕೊಳ್ಳುವುದನ್ನು ಅರೆತಿಳಿವಳಿಕೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ದೇವರು ಎಷ್ಟು, ಯಾರವನು ಎಂಬ ವಾದಕ್ಕೆ ಇವರು ಇಳಿಯುವುದಿಲ್ಲ, ನಿಜ. ಆದರೆ ಕಷ್ಟದಲ್ಲಿ ಕೈಹಿಡಿದನೇ, ಅವನ ಹೆಸರು ಹೇಳುವವನ ನಡತೆ ನೆಟ್ಟಗಿದೆಯೇ ಎಂದು ಬಿಡದೆ ನೋಡುತ್ತಾರೆ. ಮನೆದೇವರನ್ನು ಹೊರಗಿಟ್ಟು ಬಾ ಎಂದರೆ ಮಾತ್ರ ಮೋರೆ ತಿರುಗಿಸುತ್ತಾರೆ.

ಗೋವೆಯಿಂದ ಬಂದ ಯೇಸುಸಭೆಯ ಪಾದ್ರಿ ಅರ್ಮಾಂಡೊ ಅಲ್ವಾರಿಸ್ ಜನರ ಈ ಮನಸ್ಸನ್ನು ಚೆನ್ನಾಗಿ ಅರಿತಿದ್ದರು. ಕಾವಿಯುಟ್ಟು, ಮಾಂಸ ಬಿಟ್ಟು, ಅನಿಮಾನಂದ ಸ್ವಾಮಿಗಳಾಗಿ ಬೈಲಹೊಂಗಲ ಸೀಮೆಯ ದೇಶನೂರಿನಲ್ಲಿ ನೆಲೆನಿಂತರು. ಅಲ್ಲಿನ ಚರ್ಚಿನ ಹೆಸರು ಸ್ನಾನಿಕ ಅರುಳಪ್ಪನವರ (ಜಾನ್ ದಿ ಬ್ಯಾಪ್ಟಿಸ್ಟ್) ವಿರಕ್ತ ಮಠ. ಒಳಗೆ ಯೇಸು ಪದ್ಮಾಸನದಲ್ಲಿ ಕುಳಿತಿದ್ದಾನೆ; ಪರಮಪ್ರಸಾದದ ಪೆಟ್ಟಿಗೆಗೂ ಲಿಂಗದ ಆಕಾರ. ಲಿಂಗಾಯತ ರೈತ ಇಲ್ಲಿಗೂ ಬರುತ್ತಾನೆ, ಸ್ವಾಮಿಗಳ ಪಾದ ಮುಟ್ಟುತ್ತಾನೆ. ಮತಾಂತರವಾಗುವ ಮಾತು ಅವನ ಮನಸ್ಸಿನಲ್ಲಿಲ್ಲ. ಮಠವೆಂದ ಮೇಲೆ ಅಲ್ಲೊಬ್ಬ ದೇವರಿದ್ದಾನೆ, ಕೈಮುಗಿಯಬೇಕು. ಮರುದಿನ ಎತ್ತು ಹೂಡುವ ಮುಂಚೆ ಮನೆಯಲ್ಲಿ ಲಿಂಗಪೂಜೆ ಎಂದಿನಂತೆ ಆಗಲೇಬೇಕು.