ರೋಗಿ ಒಬ್ಬರು, ಆರೈಕೆಗೆ ಹಲವರು

ರೋಗಿಯನ್ನು ಗುಣಪಡಿಸುವುದು ವೈದ್ಯರೊಬ್ಬರಿಂದಲೇ ಆಗುವ ಕೆಲಸವಲ್ಲ. ನರ್ಸ್, ಫಾರ್ಮಸಿಸ್ಟ್, ಲ್ಯಾಬ್ ಟೆಕ್ನಿಷಿಯನ್, ಆಶಾ ಕಾರ್ಯಕರ್ತೆ ಮೊದಲಾದವರೆಲ್ಲ ತಾವು ಕಂಡದ್ದನ್ನು ಹಂಚಿಕೊಂಡು ಒಂದೇ ಚಿಕಿತ್ಸೆಯನ್ನು ಮುನ್ನಡೆಸಬೇಕಾಗುತ್ತದೆ. ಇದಕ್ಕಾಗಿ ವಿವಿಧ ವೃತ್ತಿಗಳ ವಿದ್ಯಾರ್ಥಿಗಳು ಕಲಿಯುವಾಗಲೇ ಒಟ್ಟಾಗಿ ಕಲಿಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ.

ಹಳ್ಳಿಗಳಲ್ಲಿ ಆರೋಗ್ಯ ಸಿಬ್ಬಂದಿಯ ಸಹಕಾರ ಎಷ್ಟು ಅಗತ್ಯ ಎಂಬುದು ಕ್ಷಯರೋಗದ ಚಿಕಿತ್ಸೆಯಲ್ಲಿ ಚೆನ್ನಾಗಿ ಕಾಣುತ್ತದೆ. ಎರಡು ವಾರ ಮೀರಿದ ಕೆಮ್ಮನ್ನು ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆ ಗುರುತಿಸುತ್ತಾರೆ. ಟೆಕ್ನಿಷಿಯನ್ ಕಫ ಪರೀಕ್ಷಿಸುತ್ತಾರೆ. ವೈದ್ಯಾಧಿಕಾರಿ ಔಷಧ ನಿಗದಿಪಡಿಸುತ್ತಾರೆ. ಸಕ್ಕರೆ ಕಾಯಿಲೆ, ಎಚ್‌ಐವಿ ಇವೆಯೇ ಎಂದೂ ನೋಡಿಸುತ್ತಾರೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ: ಮೊದಲ ಎರಡು ತಿಂಗಳು ನಾಲ್ಕು ಔಷಧ, ಆಮೇಲೆ ಮೂರು. ನಿಕ್ಷಯ್ ಪೋಷಣ್ ಯೋಜನೆಯಡಿ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ರೂಪಾಯಿ ಸಿಗುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿ ಆಗಿದೆ.

ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮಾತ್ರೆ ತೆಗೆದುಕೊಂಡವರ ಮೂತ್ರ ಕೆಂಪು ಮಿಶ್ರಿತ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ರಕ್ತವಲ್ಲ ಎಂದು ಫಾರ್ಮಸಿಸ್ಟ್ ಮೊದಲೇ ತಿಳಿಸಿದ್ದರೆ ರೋಗಿ ಹೆದರಿ ಮಾತ್ರೆ ಬಿಡುವುದಿಲ್ಲ. ಆದರೆ ಕಣ್ಣು ಹಳದಿಯಾದರೆ ಅದು ಯಕೃತ್ತಿಗೆ ತೊಂದರೆಯಾಗಿರುವ ಸೂಚನೆ ಇರಬಹುದು. ಅದನ್ನು ಹಲವೊಮ್ಮೆ ಮೊದಲು ಕಾಣುವವರು ಮನೆಗೆ ಬರುವ ಆಶಾ ಕಾರ್ಯಕರ್ತೆ. ಅವರು ಕೂಡಲೇ ವೈದ್ಯರಿಗೆ ತಿಳಿಸಿದರೆ ಜೀವ ಉಳಿಯಬಹುದು.

ಹೃದಯಾಘಾತದಲ್ಲಿ ಈ ಸಹಯೋಗ ನಿಮಿಷಗಳ ಲೆಕ್ಕದಲ್ಲಿ ನಡೆಯಬೇಕು. ರಾಜ್ಯ ಸರ್ಕಾರ 2023ರಲ್ಲಿ ಆರಂಭಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಸಿಬ್ಬಂದಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ಪರಿಶೀಲಿಸುತ್ತಾರೆ. ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಲಾಗುತ್ತದೆ. ತಜ್ಞರು ದೂರವಿರುವ, ಗದಗ ಜಿಲ್ಲೆಯ ಶಿರಹಟ್ಟಿ, ಮುಂಡರಗಿಯಂಥ ಕಡೆ ಇಂಥ ಏರ್ಪಾಡು ಬಹಳ ಮುಖ್ಯ.

ಸಹಯೋಗ ಉಳಿಯಬೇಕಾದರೆ ಎಲ್ಲರೂ ನೋಡಬಲ್ಲ ಒಂದೇ ದಾಖಲೆ ಇರಬೇಕು, ಯಾರ ಹೊಣೆ ಯಾವುದು ಎಂಬುದು ಸ್ಪಷ್ಟವಾಗಿರಬೇಕು, ಕಿರಿಯ ಸಿಬ್ಬಂದಿಯ ಮಾತಿಗೂ ಬೆಲೆ ಸಿಗಬೇಕು. ರೋಗಿಗೂ ಒಂದು ಪಾಲಿದೆ: ಹಳೆಯ ಚೀಟಿಗಳನ್ನು ಜೋಪಾನವಾಗಿಟ್ಟು, ನಾಟಿ ಔಷಧಿಯೂ ಸೇರಿದಂತೆ ತಾವು ತೆಗೆದುಕೊಳ್ಳುವುದನ್ನೆಲ್ಲ ಮುಚ್ಚಿಡದೆ ಹೇಳಬೇಕು.